ಕೊಕ್ಕರೆಯ ಕೆಳಗಿನ ಸಾಲು

ಆರ್ಡಿತ್‌ಗೆ ಕೊಕ್ಕರೆಗಳನ್ನು ಕಂಡರೆ ಆಗುತ್ತಿರಲಿಲ್ಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಅವು ಲಕ್ಷಗಟ್ಟಲೆ ಬಂದು ನಮ್ಮ ನದಿಯ ಮರಳದಿಣ್ಣೆಗಳ ಮೇಲೆ ಇಳಿಯುತ್ತವೆ. ಹಗಲೆಲ್ಲ ಮೆಕ್ಕೆಜೋಳದ ಹೊಲಗಳಲ್ಲಿ ಉದುರಿದ ಕಾಳು ಹೆಕ್ಕುತ್ತವೆ. ಊರಿಗೆ ಊರೇ ಕತ್ತೆತ್ತಿ ನೋಡುವಾಗ ಇವಳೊಬ್ಬಳು ಕಾರಿನ ಗಾಜು ಏರಿಸಿಕೊಂಡು ಹೋಗುತ್ತಿದ್ದಳು. ಹಕ್ಕಿಗಳ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾರಣ ತೆರಿಗೆ ಫಾರಂ. ಕೊಕ್ಕರೆಗಳು ಬರುವ ಹೊತ್ತಿಗೇ ಜನ ಅದನ್ನು ತುಂಬುತ್ತಾರೆ. ನಮ್ಮ ರಾಜ್ಯದ ಫಾರಂನ ಕೊನೆಯಲ್ಲಿ ಎರಡು ದಾನದ ಸಾಲುಗಳಿವೆ. ಸರ್ಕಾರದಿಂದ ವಾಪಸು ಬರುವ ಹಣದಲ್ಲಿ ಇಷ್ಟನ್ನು ಇಂಥದ್ದಕ್ಕೆ ಕೊಡಿ ಎಂದು ಮನಸ್ಸಿದ್ದವರು ಅಲ್ಲಿ ಬರೆಯಬಹುದು. ಮೇಲಿನ ಸಾಲು ಪ್ರಾಣಿಪಕ್ಷಿಗಳದ್ದು, ಪಕ್ಕದಲ್ಲೊಂದು ಮುದ್ದಾದ ಕೊಕ್ಕರೆಯ ಚಿತ್ರ. ಕೆಳಗಿನ ಸಾಲು ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರ ಆಸರೆಮನೆಗಳದ್ದು. ಅದಕ್ಕೆ ಚಿತ್ರವಿಲ್ಲ. ಇಂತಿಷ್ಟು ಹಣ ಕೂಡದಿದ್ದರೆ ಮುಂದಿನ ವರ್ಷ ಆ ಸಾಲೇ ಫಾರಂನಿಂದ ಹೋಗುತ್ತದೆ. ಮೇಲಿನ ಸಾಲಿಗೆ ಆ ಭಯವಿರಲಿಲ್ಲ. ಕೆಳಗಿನದು ಪ್ರತಿ ವರ್ಷ ಕೂದಲೆಳೆಯಲ್ಲಿ ಪಾರಾಗುತ್ತಿತ್ತು. ಆರ್ಡಿತ್ ನಡೆಸುತ್ತಿದ್ದ ಆಸರೆಮನೆಯ ಒಲೆ ಉರಿಯುತ್ತಿದ್ದದ್ದೂ ಬಾಗಿಲು ತೆರೆದಿರುತ್ತಿದ್ದದ್ದೂ ಹೆಚ್ಚಾಗಿ ಆ ಹಣದಿಂದಲೇ.

ಅವಳು ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಒಂದು ದಿನ ಕೊನೆಯ ನಿಲ್ದಾಣದಲ್ಲಿ ಒಂದು ಮಗು ಸೀಟು ಹಿಡಿದುಕೊಂಡು ಇಳಿಯಲೊಲ್ಲೆ ಎಂದಿತು. ಆರ್ಡಿತ್ ಬಸ್ಸು ನಿಲ್ಲಿಸಿ ಆ ಮಗುವಿನ ಮನೆಯೊಳಕ್ಕೆ ಹೋದಳು, ತಾಯಿಯನ್ನು ಕರೆದುಕೊಂಡೇ ಹೊರಗೆ ಬಂದಳು. ಆಮೇಲೆ ಬಸ್ಸಿನ ಕೆಲಸ ಬಿಟ್ಟು ಆಸರೆಮನೆಯ ಕೆಲಸಕ್ಕೆ ಬಿದ್ದಳು.

ಮೇಲಿನ ಸಾಲಿಗೆ ನಮ್ಮೂರಲ್ಲಿ ಜನ ಕೂಡಿಸುತ್ತಿದ್ದವಳು ಮಾರ್ಲಿಸ್, ಕೊಕ್ಕರೆ ಸಂಘದವಳು, ಆರ್ಡಿತ್‌ಳ ಜೊತೆಯಲ್ಲೇ ಓದಿದವಳು. ಅವಳು ಕೆಟ್ಟವಳಾಗಿದ್ದರೆ ಆರ್ಡಿತ್‌ಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಕೆಟ್ಟವಳಲ್ಲ. ನಗುಮುಖ, ಧಾರಾಳ ಕೈ. ಬೀದಿಯಲ್ಲಿ ನಡೆದರೆ ಮಕ್ಕಳೆಲ್ಲ ಕೈ ಬೀಸುತ್ತಿದ್ದವು. ಆರ್ಡಿತ್‌ಗೆ ಯಾರೂ ಕೈ ಬೀಸುತ್ತಿರಲಿಲ್ಲ. ಅವಳ ಕೆಲಸವೇ ಹಾಗಿತ್ತು. ಆಸರೆಮನೆಯಲ್ಲಿ ಇದ್ದುಹೋದವಳು ಅಂಗಡಿಯಲ್ಲಿ ಎದುರಾದರೆ, ಆಕೆ ತಾನಾಗಿ ಮಾತಾಡಿಸದ ಹೊರತು ಇವಳು ಮಾತಾಡಿಸುವಂತಿಲ್ಲ. ಪಕ್ಕದಲ್ಲಿರುವ ಗಂಡ 'ಈಕೆ ನಿನಗೆ ಹೇಗೆ ಗೊತ್ತು' ಎಂದು ಕೇಳಿದರೆ ಮುಗಿಯಿತು. ತಾನು ತುತ್ತಿಟ್ಟ ಹೆಂಗಸರು ಹಾಲು ಮೊಟ್ಟೆ ಕೊಳ್ಳುತ್ತಿದ್ದರೆ ಇವಳು ಡಬ್ಬದ ಹಿಂದಿನ ಅಕ್ಷರ ಓದುತ್ತ ನಿಲ್ಲುತ್ತಿದ್ದಳು. ಹಣಕ್ಕಿಂತ ಹೆಚ್ಚಾಗಿ ಉರಿಯುತ್ತಿದ್ದದ್ದು ಇದಕ್ಕೆ ಎಂದು ನನ್ನ ಲೆಕ್ಕ.

ನಾನು ಅಂಚೆ ಕೆಲಸದಿಂದ ನಿವೃತ್ತನಾದ ಮೇಲೆ ಶನಿವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಬಂದವರ ಫಾರಂಗಳನ್ನು ಪುಕ್ಕಟೆಯಾಗಿ ತುಂಬಿಕೊಡುತ್ತೇನೆ. ಒಂದು ಮೂಲೆಯಲ್ಲಿ ಆರ್ಡಿತ್ ಕಾಫಿ ಇಟ್ಟುಕೊಂಡು ಕೂರುತ್ತಿದ್ದಳು, ಇನ್ನೊಂದರಲ್ಲಿ ಮಾರ್ಲಿಸ್ ದಾಲ್ಚಿನ್ನಿ ರೋಲ್ ಎಂಬ ಸಿಹಿ ಬನ್ನು ಇಟ್ಟುಕೊಂಡು.

"ಎಲ್ಡನ್, ಇವತ್ತು ಕೆಳಗಿನ ಸಾಲಿಗೆ ಎಷ್ಟು ಜನ ಕೊಟ್ರು?" ಎಂದು ಆರ್ಡಿತ್ ನನ್ನನ್ನು ಕೇಳಿದಳು.

"ಅದನ್ನೆಲ್ಲ ಹೇಳಂಗಿಲ್ಲ ಕಣೆ."

"ಹೇಳ್ಬೇಡ ಬಿಡು. ನಿನ್ನ ಮುಖ ನೋಡಿದ್ರೆ ಸಾಕು, ಹಕ್ಕಿ ಹಿಕ್ಕೆ ಹಾಕಿದಂಗಿದೆ."

ಮಾರ್ಲಿಸ್ ನಕ್ಕು, "ನೀನೂ ಒಂದು ಚಿತ್ರ ಹಾಕಿಸ್ಕೊಳ್ಳೇ, ಜನ ಕೊಡ್ತಾರೆ" ಎಂದಳು.

"ಯಾರ ಚಿತ್ರ ಹಾಕ್ಲಿ? ನಿನ್ನ ಕೊಕ್ಕರೆಗಳಿಗೆ ಫೋಟೋ ತೆಗೆಸ್ಕೊಳ್ಳೋಕೆ ಭಯ ಇಲ್ಲ ತಾಯಿ. ಗಂಡ ನೋಡಿಬಿಟ್ರೆ ಅನ್ನೋದಿಲ್ಲ ಅವಕ್ಕೆ."

ಮಾರ್ಲಿಸ್ ಎದ್ದು ಒಂದು ರೋಲ್ ತಂದುಕೊಟ್ಟಳು. ಆರ್ಡಿತ್ ಅದನ್ನು ತಿಂದಳು, ಚೆನ್ನಾಗಿತ್ತು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಆ ವರ್ಷ ಸಾಲು ಉಳಿಯುವುದು ಅನುಮಾನ ಎಂದು ರಾಜಧಾನಿಯಿಂದಲೇ ಮಾತು ಬಂದಿತ್ತು. ಆರ್ಡಿತ್ ಕೆಂಡವಾಗಿದ್ದಳು. ಅಂಥ ಒಂದು ಶನಿವಾರ ರಾಯ್ಸ್ ಎಂಬ ದೊಡ್ಡ ಆಳು ಹೆಂಡತಿಯೊಡನೆ ಬಂದು ನನ್ನ ಮುಂದೆ ಕೂತ. ಗಂಡಹೆಂಡಿರ ಜಂಟಿ ಫಾರಂ, ಇಬ್ಬರೂ ಓದಿ ಸಹಿ ಹಾಕಬೇಕು. ಎಲ್ಲರನ್ನೂ ಕೇಳುವಂತೆ ಇವರನ್ನೂ ಕೇಳಿದೆ, ದಾನದ ಸಾಲಿಗೆ ಏನಾದರೂ ಬರೆಯಲೇ ಎಂದು.

ಹೆಂಡತಿ ಕಾಗದವನ್ನು ಬಹಳ ಹೊತ್ತು ನೋಡಿದಳು. "ಕೊಕ್ಕರೆಗಳಿಗೆ ಇಪ್ಪತ್ತು ಡಾಲರ್ ಕೊಡೋಣ್ವಾ?"

"ಹಕ್ಕಿಗಾ? ಕೊಡು, ಹೋಗ್ಲಿ," ಎಂದ ರಾಯ್ಸ್.

ಮೂಲೆಯಿಂದ ಆರ್ಡಿತ್‌ಳ ದನಿ ಕೇಳಿಸಿತು. "ಅದರ ಕೆಳಗೆ ಇನ್ನೊಂದು ಸಾಲಿದೆ ಟ್ವೈಲಾ. ಕಣ್ಣಿಗೆ ಬೀಳ್ಲಿಲ್ವಾ?"

ಅಷ್ಟೂ ವರ್ಷ ಜೋಪಾನವಾಗಿ ಕಾಯ್ದುಕೊಂಡು ಬಂದ ನಾಲಿಗೆ ಅವತ್ತು ಹೊಟ್ಟೆಕಿಚ್ಚಿಗೆ ಜಾರಿತು. ಟ್ವೈಲಾ ಹಿಂದಿನ ಚಳಿಗಾಲದಲ್ಲಿ ಅಕ್ಕನ ಮನೆಗೆ ಎಂದು ಗಂಡನಿಗೆ ಹೇಳಿ ಆಸರೆಮನೆಯಲ್ಲಿದ್ದು, ಧೈರ್ಯ ಸಾಲದೆ ವಾಪಸು ಹೋದವಳು. ಇದನ್ನು ನನಗೆ ಟ್ವೈಲಾಳೇ ಆಮೇಲೆ ಹೇಳಿದ್ದು. ಆಗ ನಾನು ಕಂಡದ್ದು ಅವಳ ಕೈಯಿಂದ ಪೆನ್ನು ಬಿದ್ದದ್ದನ್ನು ಮಾತ್ರ.

ರಾಯ್ಸ್ ನಿಧಾನವಾಗಿ ತಿರುಗಿದ. ಆರ್ಡಿತ್ ಯಾವ ಮನೆ ನಡೆಸುತ್ತಾಳೆಂಬುದು ಊರಿಗೆಲ್ಲ ಗೊತ್ತು. "ಏನಮ್ಮ, ಇವಳ ಹೆಸರು ನಿನಗೆ ಹೆಂಗೆ ಗೊತ್ತು?"

ಆರ್ಡಿತ್‌ಳ ಮುಖ ಸುಣ್ಣವಾಯಿತು. ಅಷ್ಟರಲ್ಲಿ ಮಾರ್ಲಿಸ್ ತಟ್ಟೆ ಹಿಡಿದುಕೊಂಡು ನಡುವೆ ಬಂದಳು.

"ಗೊತ್ತಿಲ್ದೆ ಏನು? ಬೆಳಗಿನ ಜಾವ ಕೊಕ್ಕರೆ ನೋಡೋಕೆ ನನ್ನ ಜೊತೆ ಯಾರ್‌ಯಾರು ಬರ್ತಾರೆ ಅಂತ ಇವಳು ಒಬ್ಬೊಬ್ಬರ ಹೆಸರೂ ಬಾಯಿಪಾಠ ಮಾಡ್ಕೊಂಡಿದಾಳೆ. ಟ್ವೈಲಾ ಬರ್ತೀನಿ ಅಂದಿದ್ದೇ ಇವಳಿಗೆ ಉರಿ. ನನ್ನ ಹಕ್ಕಿಗಳ ಮೇಲೆ ಇವಳಿಗೆ ಹೊಟ್ಟೆಕಿಚ್ಚು ಕಣಪ್ಪ, ಬೇಕಿದ್ರೆ ಯಾರನ್ನಾದ್ರೂ ಕೇಳು."

ಕೇಳಬೇಕಾಗಿಯೇ ಬರಲಿಲ್ಲ. ನೆಲಮಾಳಿಗೆಯಲ್ಲಿ ಇದ್ದವರೆಲ್ಲ ಗೊಳ್ಳೆಂದು ನಕ್ಕರು, ಏಕೆಂದರೆ ಆ ಕೊನೆಯ ಮಾತು ಅಪ್ಪಟ ನಿಜ. ರಾಯ್ಸ್‌ಗೂ ನಗು ಬಂತು.

"ಕೊಕ್ಕರೆ ನೋಡೋಕೆ ಹೋಗ್ತೀಯಾ ನೀನು? ನನಗೆ ಹೇಳ್ಲೇ ಇಲ್ಲ."

"ಕೇಳ್ಬೇಕು ಅಂತಿದ್ದೆ," ಎಂದಳು ಟ್ವೈಲಾ.

"ಹೋಗು, ಯಾರು ಬೇಡ ಅಂದ್ರು."

ಅಷ್ಟು ಜನರ ಮುಂದೆ ಹೇಳಿದ ಮಾತು, ಹಿಂದೆ ತೆಗೆದುಕೊಳ್ಳಲಾಗಲಿಲ್ಲ. ಮುಂದಿನ ವಾರ ಮಾರ್ಲಿಸ್‌ಳ ವ್ಯಾನು ಬೆಳಗಿನ ಜಾವ ಅವನ ಮನೆ ಬಾಗಿಲಿಗೇ ಬಂತು. ಟ್ವೈಲಾ ಕೈಚೀಲ ಹಿಡಿದು ಹತ್ತಿದಳು. ಹಕ್ಕಿ ನೋಡಲೆಂದು ಸಂಘದವರು ನದಿಯ ದಡದಲ್ಲಿ ಕಟ್ಟಿದ ಹಲಗೆ ಗುಡಿಸಲಲ್ಲಿ ಕೂತು, ಕೊಕ್ಕರೆಗಳು ಒಟ್ಟಿಗೆ ಎದ್ದುಹೋಗುವುದನ್ನು ನಿಜವಾಗಿಯೂ ನೋಡಿದಳು. ಉಳಿದವರು ಊರಲ್ಲಿಳಿದರು. ಅವಳು ಇಳಿಯಲಿಲ್ಲ.

ಆಸರೆಮನೆಯ ಬಾಗಿಲು ತೆರೆದ ಆರ್ಡಿತ್ ಆಡಿದ ಮೊದಲ ಮಾತು, "ಇವಳ ವ್ಯಾನಲ್ಲೇ ಬರ್ಬೇಕಾಗಿತ್ತಾ?"

ಅಡುಗೆಮನೆಯಲ್ಲಿ ಕೂರಿಸಿ ಮೊಟ್ಟೆ ಬಡಿಸಿದ ಮೇಲೆ ಎರಡನೆಯ ಮಾತು, "ನನ್ನ ನಾಲಿಗೆ ಸುಡ್ಲಿ. ನಿನ್ನ ಹೆಸರು ಅಂದ್ಬಿಟ್ಟೆ."

"ಕೆಳಗಿನ ಸಾಲಿಗೇ ಕೈ ಹೋಗಿತ್ತು ನಂದು," ಎಂದಳಂತೆ ಟ್ವೈಲಾ. "ಅವನೂ ನೋಡೋ ಕಾಗದ ಅಲ್ವಾ. ಮೇಲಿನದಕ್ಕೆ ಬರೆದ್ರೆ ನಿಮಗೆ ಹತ್ತಿರಾನಾದ್ರೂ ಬಿದ್ದಿರುತ್ತೆ ಅನ್ನಿಸ್ತು."

ಆರ್ಡಿತ್ ಒಲೆಯ ಕಡೆ ತಿರುಗಿ ಬಹಳ ಹೊತ್ತು ಬಾಣಲೆ ಉಜ್ಜಿದಳಂತೆ.

ಸಾಲು ಆ ವರ್ಷ ಉಳಿಯಿತು. ಮಾರ್ಲಿಸ್ ನದಿದಡದ ಆ ಗುಡಿಸಲಿನ ಗೋಡೆಗೆ 'ಕೊಕ್ಕರೆಯ ಕೆಳಗಿನ ಸಾಲನ್ನೂ ಓದಿ' ಎಂದು ಬರೆದು ಹಚ್ಚಿದ್ದಳು. ಬಂದವರು ಓದಿದರು, ಕೊಟ್ಟರು. ಆರ್ಡಿತ್‌ಗೆ ಇದು ಎಲ್ಲಕ್ಕಿಂತ ದೊಡ್ಡ ಉರಿ. "ಇನ್ಮೇಲೆ ಆ ಹಕ್ಕಿಗಳ ಋಣಾನೂ ಹೊರ್ಬೇಕು ನಾನು," ಎಂದು ವರ್ಷವಿಡೀ ಗೊಣಗಿದಳು.

ಮರುವರ್ಷ ಮಾರ್ಚಿನಲ್ಲಿ ಟ್ವೈಲಾ ಒಬ್ಬಳೇ ಬಂದು ನನ್ನ ಮುಂದೆ ಕೂತಳು. ಒಬ್ಬಳದೇ ಫಾರಂ, ಒಂದೇ ಸಹಿ. ದಾನದ ಸಾಲಿಗೆ ಏನಾದರೂ ಬರೆಯಲೇ ಎಂದೆ.

"ಕೆಳಗಿನದಕ್ಕೆ," ಎಂದಳು, ಇಡೀ ನೆಲಮಾಳಿಗೆಗೆ ಕೇಳುವಂತೆ.

ಆರ್ಡಿತ್ ಅಭ್ಯಾಸದಂತೆ ಬೇರೆ ಕಡೆ ಮುಖ ಮಾಡಿ ಕಾಫಿ ಪಾತ್ರೆಯ ಮುಚ್ಚಳ ನೋಡುತ್ತಿದ್ದಳು. ಟ್ವೈಲಾ ಎದ್ದು, ಮಾರ್ಲಿಸ್‌ಳ ಮೇಜು ದಾಟಿ, ನೇರ ಅವಳೆದುರು ಹೋಗಿ ನಿಂತಳು.

"ಆರ್ಡಿತ್, ಹೆಂಗಿದೀರ? ನನ್ನ ಗುರುತು ಸಿಕ್ತಾ?"

ಎಲ್ಲರೂ ತಿರುಗಿ ನೋಡಿದರು. ಊರ ಮಧ್ಯೆ ಯಾರೂ ಅವಳನ್ನು ಹಾಗೆ ಕೇಳಿದ್ದೇ ಇಲ್ಲ. ಆರ್ಡಿತ್ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಸಿಕ್ತು ಕಣಮ್ಮ," ಎಂದಳು ಕೊನೆಗೆ.

ಮಾರ್ಲಿಸ್ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. "ಕರ್ಕೊಂಡು ಹೋದವಳು ನಾನು. ಮೊದಲು ಮಾತಾಡ್ಸೋದು ಅವಳನ್ನಾ?" ಎಂದು ನನ್ನ ಕಿವಿಯಲ್ಲಿ ಹೇಳಿದಳು, ನಗದೆ.