ಅಪ್ಪ ನೋಡದೆ ಉಳಿದ ಹಾರಾಟ

ಹೆಲಿಕಾಪ್ಟರ್ ನಡೆಸುವುದನ್ನೂ ಡಿಗ್ರಿಯಾಗಿ ಓದಬಹುದು ಎಂದು ನನಗೆ ಮೊದಲು ಹೇಳಿದವರು ನಮ್ಮಪ್ಪ. ಅವರು ಸರ್ಕಾರಿ ಬಸ್ಸಿನ ಡ್ರೈವರ್. ಔರಾದಿನಿಂದ ಬೀದರ್ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸು ಬಹಳ ವರ್ಷ ಅವರ ಕೈಯಲ್ಲೇ ಇತ್ತು. ಯಾರೋ ಸೀಟಿನ ಮೇಲೆ ಬಿಟ್ಟುಹೋದ ಪತ್ರಿಕೆಯಲ್ಲಿ ಅದನ್ನು ಕಲಿಸುವ ವಿಶ್ವವಿದ್ಯಾಲಯವೊಂದರ ಜಾಹೀರಾತು ಕಂಡು, ಪುಟವನ್ನು ಮಡಚಿ ಭಾಲ್ಕಿಯ ಮನೆಗೆ ತಂದಿದ್ದರು.

ನಾನಾಗ ಬೀದರಿನಲ್ಲಿ ಪಿಯುಸಿ ಓದುತ್ತಿದ್ದೆ. ಅಲ್ಲಿ ವಾಯುಪಡೆಯ ತರಬೇತಿ ವಿಮಾನಗಳು ದಿನವೂ ತಲೆಯ ಮೇಲೆ ಸುತ್ತುತ್ತವೆ. ಊರಿನವರು ಆ ಸದ್ದಿಗೆ ಒಗ್ಗಿಹೋಗಿ ಕತ್ತೆತ್ತುವುದನ್ನೇ ಬಿಟ್ಟಿದ್ದರು. ನಾನು ಮಾತ್ರ ಎತ್ತುತ್ತಿದ್ದೆ. ರಜೆಗೆ ಬಂದಾಗ ಅದನ್ನೇ ಮಾತಾಡಿ ಅಪ್ಪನ ತಲೆ ತಿಂದಿದ್ದೆ.

ಅವ್ವನಿಗೆ ಇದ್ದದ್ದು ಒಂದೇ ಚಿಂತೆ. ಅಷ್ಟು ಎತ್ತರದಲ್ಲಿ ಹುಡುಗಿಯ ಜೊತೆ ಯಾರಿರುತ್ತಾರೆ?

"ಬಸ್ಸಿನ್ಯಾಗ ನನ್ನ ಸಂಗಟ ಯಾರ ಇರ್ತಾರ?" ಎಂದರು ಅಪ್ಪ. "ಹಿಂದ ಮಂದಿ ತುಂಬಿರ್ತಾರ ಖರೆ, ಸ್ಟೇರಿಂಗ್ ಹಿಡಿಯಾಂವ ಒಬ್ಬನೇ ಅಲ್ಲೇನು."

ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಹೋದೆ. ವಿಶ್ವವಿದ್ಯಾಲಯ ಇದ್ದದ್ದು ಹೈದರಾಬಾದಿನ ಆಚೆ. ಮೂರು ವರ್ಷದ ಕೋರ್ಸು. ಬೆಳಿಗ್ಗೆ ಗಾಳಿ, ಮೋಡ, ಎಂಜಿನ್ನುಗಳ ಪಾಠ, ಮಧ್ಯಾಹ್ನ ಸರದಿಯ ಮೇಲೆ ಹೆಲಿಕಾಪ್ಟರ್. ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ಪೈಲಟ್, ಮಿತಭಾಷಿ. ಎಡಗೈಯಲ್ಲಿ ಏರಿಳಿಸುವ ಲಿವರು, ಬಲಗೈಯಲ್ಲಿ ಅತ್ತಿತ್ತ ವಾಲಿಸುವ ಕೋಲು, ಮೂತಿ ತಿರುಗಿಸಲು ಕಾಲಡಿಯ ಪೆಡಲು. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ಸರಿಪಡಿಸಬೇಕು. ನೆಲದಿಂದ ಆಳೆತ್ತರ ಏರಿ ಒಂದೇ ಜಾಗದಲ್ಲಿ ನಿಲ್ಲಿಸುವುದೇ ಮೊದಲ ಪಾಠ. ನಾನು ವಾರಗಟ್ಟಲೆ ಮೈದಾನದ ತುಂಬ ಓಲಾಡಿದೆ.

ಅಪ್ಪನಿಗೆ ಫೋನಿನಲ್ಲಿ ಇದೆಲ್ಲ ಬೇಕಿತ್ತು. ಕ್ಲಚ್ಚು ಎಲ್ಲಿರುತ್ತದೆ, ಕನ್ನಡಿ ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದರು. ಬ್ರೇಕ್ ಇಲ್ಲ ಎಂದಾಗ, "ಬ್ರೇಕ್ ಇಲ್ದ ಗಾಡಿ ಹ್ಯಾಂಗ ನಿಂದರಸ್ತಿ ಯವ್ವಾ?" ಎಂದರು. ಅದನ್ನೇ ಕಲಿಯುತ್ತಿದ್ದೇನೆ ಎಂದೆ.

ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ನಮ್ಮ ಕಡೆ ಮಳೆ ಸತತ ಎರಡನೇ ಸಲ ಕೈಕೊಟ್ಟಿತ್ತು. ತೊಗರಿ ಹೂವಿಗೇ ಒಣಗಿತು. ಔರಾದ್ ತಾಲ್ಲೂಕಿನ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟರು. ಪುಣೆಯ ಕಡೆ ಹೋಗುವವರು ಭಾಲ್ಕಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದರು. ಅಪ್ಪನ ಬಸ್ಸು ಹೋಗುವಾಗ ಕಾಲಿಡಲು ಜಾಗವಿಲ್ಲದಷ್ಟು ತುಂಬಿ, ಬರುವಾಗ ಖಾಲಿ. ತವೆ, ಕೊಡ, ಹಾಸಿಗೆ, ಬುಟ್ಟಿಯಲ್ಲಿ ಕೋಳಿ, ಎಲ್ಲವೂ ಅವರ ಸೀಟಿನ ಹಿಂದೆಯೇ. ಯಾವ ಓಣಿಯಲ್ಲಿ ಯಾರ ಮನೆಗೆ ಬೀಗ ಬಿತ್ತೆಂದು ಅವರಿಗೆ ತಿಳಿದಿರುತ್ತಿತ್ತು. ಆ ದಿನಗಳಲ್ಲಿ ಅವರು ಹೆಲಿಕಾಪ್ಟರಿನ ವಿಷಯ ಕೇಳುವುದು ಕಡಿಮೆಯಾಯಿತು. ಒಂದು ಸಲ ತಾವಾಗಿಯೇ ಹೇಳಿದರು: "ಊರ ಖಾಲಿ ಆಗಲತ್ತದ ಯವ್ವಾ. ನಾನೇ ಒಯ್ದು ಬಿಟ್ಟು ಬರಲತ್ತೇನಿ."

ಆ ಬೇಸಿಗೆಯಲ್ಲೇ ನಾನು ಮೊದಲ ಬಾರಿ ಒಬ್ಬಳೇ ಹಾರುವ ದಿನ ಗೊತ್ತಾಯಿತು. ಅಪ್ಪ ರಜೆ ಕೇಳಿದ್ದರು, ಇಸ್ತ್ರಿ ಮಾಡಿಸಿದ ಬಿಳಿ ಅಂಗಿಯನ್ನೂ ತೆಗೆದಿಟ್ಟಿದ್ದರಂತೆ. ಆದರೆ ಹೋಗುವ ಜನಕ್ಕೆ ಹೆಚ್ಚುವರಿ ಬಸ್ಸುಗಳನ್ನು ಬಿಟ್ಟಿದ್ದರು, ಡ್ರೈವರುಗಳು ಸಾಲುತ್ತಿರಲಿಲ್ಲ. ಹಿಂದಿನ ದಿನ ಫೋನು ಬಂತು.

"ರಜಾ ಸಿಗಲಿಲ್ಲವ್ವ. ಈ ಮಂದೀನ್ನ ಬಸ್‌ಸ್ಟ್ಯಾಂಡಿನ್ಯಾಗ ಬಿಟ್ಟು ಹ್ಯಾಂಗ ಬರ್ಲಿ? ಮುಂದಿನ ಸಲ ಬರ್ತೇನಿ. ನೀ ಏನ್ ಒಂದೇ ದಿನ ಹಾರಾಕಿ ಏನು."

ಆಯಿತು ಎಂದೆ. ನಿಜವಾಗಿಯೂ ನನಗೆ ಬೇಜಾರಾಗಲಿಲ್ಲ. ಮುಂದಿನ ಸಲ ಎನ್ನುವುದು ಆಗ ಕೈಗೆಟುಕುವಷ್ಟು ಹತ್ತಿರ ಇತ್ತು.

ಮರುದಿನ ಗುರುಗಳು ಪಕ್ಕದ ಸೀಟಿನಿಂದ ಇಳಿದು, ಖಾಲಿ ಸೀಟಿನ ಬೆಲ್ಟು ಬಿಗಿದು, ನನ್ನ ಕಡೆ ಹೆಬ್ಬೆರಳೆತ್ತಿ ದೂರ ಸರಿದರು. ಅವರ ಭಾರವಿಲ್ಲದ ಹೆಲಿಕಾಪ್ಟರ್ ಬೇರೆ ಥರವೇ ಮೇಲೆದ್ದಿತು, ಸ್ವಲ್ಪ ಒಂದು ಕಡೆ ವಾಲಿ. ಸರಿಪಡಿಸಿದೆ. ನಿಂತಿತು. ಅಲ್ಲಾಡದೆ ನಿಂತಿತು. ಒಂದು ಸುತ್ತು ಹಾಕಿ ಬಂದು ಇಳಿಸಿದಾಗ ನೆಲ ತಗುಲಿದ್ದು ನನಗೇ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ನಾನು ಬೇರಾವ ಕೆಲಸವನ್ನೂ ಮಾಡಿಲ್ಲ, ಆಗಲೂ, ಆಮೇಲೂ.

ಮೊದಲ ಸಲ ಒಬ್ಬರೇ ಹಾರಿ ಬಂದವರ ಮೇಲೆ ಬಕೆಟ್ ನೀರು ಸುರಿಯುವುದು ಅಲ್ಲಿನ ರೂಢಿ. ಗೆಳತಿಯರು ಸುರಿದರು. ಹಾಸ್ಟೆಲಿಗೂ ಟ್ಯಾಂಕರಿನಿಂದಲೇ ನೀರು ಬರುತ್ತಿದ್ದ ಕಾಲ ಅದು. ಒದ್ದೆ ಬಟ್ಟೆಯಲ್ಲಿ ನಗುತ್ತ ನಿಂತವಳಿಗೆ ಕಾಲ ಕೆಳಗೆ ಆ ನೀರು ಇಂಗುವುದನ್ನು ನೋಡಿ ಒಂಥರಾ ಆಯಿತು. ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಬಕೆಟ್ಟಿನ ವಿಷಯ ಬಿಟ್ಟು.

ಅದಾಗಿ ಕೆಲವೇ ವಾರಗಳಲ್ಲಿ ಹಾಸ್ಟೆಲಿನಲ್ಲಿ ಮಂಗನಬಾವು ಹಬ್ಬಿತು. ನನಗೂ ಬಂತು. ಕೆನ್ನೆ ಊದಿ, ಜ್ವರ ಬಂದು ಇಳಿಯಿತು. ಮತ್ತೆ ಹಾರಲು ಕುಳಿತಾಗ ಹೆಡ್‌ಫೋನಿನ ಎಡಗಡೆ ಸದ್ದೇ ಇರಲಿಲ್ಲ. ಅದು ಕೆಟ್ಟಿದೆ ಎಂದೆ. ಬೇರೆಯದನ್ನು ಕೊಟ್ಟರು. ಅದೂ ಹಾಗೇ. ಆಗ ಗುರುಗಳು ತಮ್ಮದನ್ನೇ ತೆಗೆದು ನನ್ನ ತಲೆಗೆ ಹಾಕಿ, ನನ್ನ ಮುಖವನ್ನೇ ನೋಡಿದರು. ಎಂಜಿನ್ ಆರಿಸಿದರು.

ಎಡಗಿವಿ ಪೂರ್ತಿ ಹೋಗಿತ್ತು. ಮಂಗನಬಾವಿನಲ್ಲಿ ಅಪರೂಪಕ್ಕೆ ಹೀಗಾಗುತ್ತದೆ, ಹೋದದ್ದು ಮರಳುವುದಿಲ್ಲ ಎಂದರು ವೈದ್ಯರು. ಪೈಲಟ್ಟುಗಳ ವೈದ್ಯಕೀಯ ಪರೀಕ್ಷೆಯಲ್ಲಿ ನಾನು ಅನರ್ಹಳಾದೆ. ಮತ್ತೊಮ್ಮೆ ಪರೀಕ್ಷಿಸಿ ಎಂದು ಬೇಡಿಕೊಂಡೆ. ಎರಡನೇ ಸಲವೂ ಅದೇ ಉತ್ತರ.

ಭಾಲ್ಕಿಗೆ ಹೋಗಿ ಹೇಳಿದಾಗ ಅವ್ವ ಅತ್ತಳು. ಅಪ್ಪ ಅಂಗಳದ ಮಂಚದ ಮೇಲೆ ಕೂತು, ಇನ್ನೊಂದು ಕಿವಿ ಸರಿ ಇದೆಯಲ್ಲ ಎಂದು ವಾದ ಮಾಡಿದರು, ನಾನೇ ಆ ಡಾಕ್ಟರ್ ಎಂಬಂತೆ. ಆಮೇಲೆ ದನಿ ಇಳಿಯಿತು.

"ನಾ ಅವತ್ತ ಬರಬೇಕಾಗಿತ್ತು," ಎಂದರು.

ಬಿಡಿ ಅಪ್ಪಾ ಎನ್ನಬೇಕಿತ್ತು. ಆದರೆ ಅವರು ಬರಬೇಕಿತ್ತು ಎಂದು ನನಗೂ ಅನಿಸುತ್ತಿತ್ತು. ಬಂದಿದ್ದರೆ ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮಕ್ಕಳನ್ನು ಎತ್ತಿಕೊಂಡು ಇಡೀ ದಿನ ಕೂತಿರುತ್ತಿದ್ದರು ಎಂಬುದೂ ಗೊತ್ತಿತ್ತು.

ಡಿಗ್ರಿ ಮಾತ್ರ ಮುಗಿಸಿದೆ, ಹಾರಾಟ ಬಿಟ್ಟು ವಿಮಾನಯಾನ ನಿರ್ವಹಣೆಯ ವಿಷಯ ತೆಗೆದುಕೊಂಡು. ಈಗ ಒಂದು ಹೆಲಿಕಾಪ್ಟರ್ ಕಂಪನಿಯ ಕೋಣೆಯಲ್ಲಿ ಕೂತು ಪೈಲಟ್ಟುಗಳಿಗೆ ಹವಾಮಾನ ಹೇಳುತ್ತೇನೆ. ಕೆಲಸ ಚೆನ್ನಾಗಿದೆ. ಬೆಳಿಗ್ಗೆ ಅವರು ಹೊರಡುವಾಗ ನಾನು ಕಿಟಕಿಯ ಹತ್ತಿರ ಹೋಗುವುದಿಲ್ಲ.

ಅಪ್ಪ ನಿವೃತ್ತರಾದ ಮೇಲೆ ಒಂದು ವರ್ಷ ಯಾವುದೋ ಕಂಪನಿಯವರು ಬೀದರಿನ ಮೈದಾನವೊಂದಕ್ಕೆ ಹೆಲಿಕಾಪ್ಟರ್ ತಂದು ಜನರನ್ನು ಊರ ಮೇಲೆ ಸುತ್ತಿಸುತ್ತಿದ್ದರು. "ನಡಿ ಹೋಗಮ್," ಎಂದರು ಅಪ್ಪ. ನನಗೆ ಮನಸ್ಸಿರಲಿಲ್ಲ, ಆದರೂ ಹೋದೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ಕೋಟೆ, ಕೆಂಪು ಮಣ್ಣು, ಹಸಿರು ತೊಗರಿ ಹೊಲಗಳು ಕೆಳಗೆ ಸರಿದವು. ಉಳಿದವರೆಲ್ಲ ಹೊರಗೆ ನೋಡುತ್ತಿದ್ದರೆ ಅಪ್ಪ ಪೈಲಟ್‌ನ ಕೈಗಳನ್ನೇ ನೋಡುತ್ತಿದ್ದರು.

ಇಳಿದ ಮೇಲೆ ಕೇಳಿದರು: "ನೀ ಆದ್ರ ಹ್ಯಾಂಗ ಇಳಸ್ತಿದ್ದಿ?"

"ಇನ್ನ ಜರಾ ಮೆತ್ತಗ, ಅಪ್ಪಾ."

ಅವರು ತಲೆಯಾಡಿಸಿ, ಅಷ್ಟು ದೂರ ಹೋಗಿ ಸರದಿಯಲ್ಲಿ ನಿಂತ ಯಾರೋ ಅಪರಿಚಿತನಿಗೆ ಹೆಲಿಕಾಪ್ಟರನ್ನೂ ನನ್ನನ್ನೂ ತೋರಿಸಿ ಏನೋ ಹೇಳಿದರು. ಗಾಳಿಯ ಸದ್ದಿನಲ್ಲಿ ಅದು ನನಗೆ ಕೇಳಿಸಲಿಲ್ಲ. ಆ ಮನುಷ್ಯ ಮಾತ್ರ ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದ.