ನಾನೂ ತಟ್ಟಿದ ಚಪ್ಪಾಳೆ

ನಾನು ಪದವೀಧರನಾಗುವುದು ಸಾಧ್ಯವೇ ಇಲ್ಲ ಎಂದಿದ್ದವರು ನನ್ನ ಸ್ವಂತ ಕಾಕಾ. ಸಾಧ್ಯವಾಗಿಸಿದವನು ಪುಣೆಯ ಭೋಸರಿಯ ನಮ್ಮ ಚಾಳಿನಲ್ಲಿ ಬಾಡಿಗೆಗಿದ್ದ ಸಹಪಾಠಿ, ನೆರೆದೇಶದಿಂದ ಓದಲು ಬಂದವನು. ನನಗೆ ತಿಳಿಯದ ಲೆಕ್ಕವನ್ನು ಗೋಡೆಯ ಮೇಲೆ ಬೆರಳಲ್ಲೇ ಬಿಡಿಸಿ ತೋರಿಸುತ್ತಿದ್ದ. ನನ್ನ ಅವ್ವನಿಂದಲೇ ಕಲಿತ ಕನ್ನಡದಲ್ಲಿ, “ನಿಮ್ಮ ದೇಶ ನಮಗ ಅಣ್ಣ ಇದ್ದಂಗ್ರಿ” ಎನ್ನುತ್ತಿದ್ದ. ತನ್ನ ತಂಗಿಯನ್ನೂ ಇಲ್ಲಿಯೇ ಓದಿಸುವ ಆಸೆ ಅವನಿಗಿತ್ತು.

ಚುನಾವಣೆಯ ಭಾಷಣದಲ್ಲಿ ನಮ್ಮ ನಾಯಕರೊಬ್ಬರು ಅವನ ದೇಶದವರನ್ನು ಭಿಕ್ಷುಕರೆಂದರು. ಟಿವಿಯ ಮುಂದೆ ಚಾಳೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ತಿರುಗಿದರೆ ಅವನು ಬಾಗಿಲಲ್ಲಿದ್ದ.

ಘಟಿಕೋತ್ಸವದ ದಿನ ಅವ್ವ ಅವನನ್ನು ಕೇಳಿದಳು, “ತಂಗಿ ಯಾವಾಗ ಬರ್ತಾಳಪಾ?”

“ಅಪ್ಪ ಬ್ಯಾಡಂದ್ರು, ಅವ್ವಾರ. ಈಗ ನಮ್ಮೂರಾಗ ಯಾರೂ ಮಕ್ಕಳನ್ನ ಇಲ್ಲಿಗೆ ಕಳಸಂಗಿಲ್ರಿ.”

ಅವನು ಹೋದ ಮೇಲೆ ಪ್ರಮಾಣಪತ್ರವನ್ನು ಅವ್ವನ ಕೈಗಿತ್ತೆ.

“ಇಷ್ಟ ಕಲ್ತರೂ, ಅಂವಗ ತಪ್ಪಾತು ಅನ್ನಾಕ ಬಾಯಿ ಬರ್ಲಿಲ್ಲಲ್ಲೋ ನಿನಗ!”