ಮಾದೇವಣ್ಣ ಪಾಸಾದ ಸೋಮವಾರಗಳು

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಮೈಸೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹಿರಿಯ ಡಯಟೀಷಿಯನ್ ಆಗಿದ್ದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳುವವರ ಊಟ ಮತ್ತು ತೂಕ ನೋಡಿಕೊಳ್ಳುವುದು ನನ್ನ ಕೆಲಸ. ಇದನ್ನು ಆಗಿನ ಡೈರಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯಲ್ಲಿಲ್ಲದೆ ನೆನಪಿನಲ್ಲಷ್ಟೇ ಇರುವುದನ್ನು ಹಾಗೆಂದೇ ಹೇಳುತ್ತೇನೆ.

ಈ ಚಿಕಿತ್ಸೆ ಆರೂವರೆ ವಾರದಷ್ಟು, ವಾರಕ್ಕೆ ಐದು ದಿನ. ಮೂರನೇ ವಾರದ ಹೊತ್ತಿಗೆ ಬಾಯಲ್ಲಿ ಹುಣ್ಣೇಳುತ್ತದೆ, ನಾಲಿಗೆಗೆ ರುಚಿ ತಿಳಿಯುವುದಿಲ್ಲ, ಎಂಜಲು ನುಂಗುವುದೂ ಕಷ್ಟ. ತೂಕ ಬೇಗ ಇಳಿಯತೊಡಗಿದರೆ ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿಕೆ ಇಳಿಸಿ, ಅದರ ಮೂಲಕ ದ್ರವಾಹಾರ ಕೊಡುತ್ತೇವೆ. ರೋಗಿಗಳು ಅದನ್ನು ‘ಪೈಪು’ ಎನ್ನುತ್ತಾರೆ. ಪೈಪು ಹಾಕಿದರೆಂದರೆ ಕಥೆ ಮುಗಿಯಿತೆಂದೇ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಶಕ್ತಿ ಸಾಲದೆ ಚಿಕಿತ್ಸೆ ನಡುವೆ ನಿಲ್ಲುವುದಕ್ಕೆ. ನಿಂತಷ್ಟು ದಿನವೂ ರೋಗಕ್ಕೆ ಲಾಭ.

ಆಗ ನನ್ನದೊಂದು ಪದ್ಧತಿಯಿತ್ತು. ಪ್ರತಿ ಸೋಮವಾರ ಕಾರಿಡಾರಿನಲ್ಲಿ ತೂಕದ ಯಂತ್ರ ಇಟ್ಟು, ಒಬ್ಬೊಬ್ಬರ ತೂಕವನ್ನೂ ಗಟ್ಟಿಯಾಗಿ ಕೂಗುತ್ತಿದ್ದೆ. ಹೆಚ್ಚು ಇಳಿಯದವರಿಗೆ “ಪಾಸ್!” ಎನ್ನುತ್ತಿದ್ದೆ, ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಇಳಿದವರನ್ನು ಒಳಗೆ ಕರೆದು ಪೈಪಿನ ಮಾತು ಎತ್ತುತ್ತಿದ್ದೆ. ಹುರುಪು ತುಂಬುತ್ತಿದ್ದೇನೆ ಎಂದುಕೊಂಡಿದ್ದೆ.

ಮಾದೇವಣ್ಣನಿಗೆ ಗಂಟಲ ಕ್ಯಾನ್ಸರ್. ಐವತ್ತರ ಆಸುಪಾಸಿನವರು, ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದರು. ಹೆಂಡತಿ ಗೌರಮ್ಮ ದಿನವೂ ಜೊತೆಗೆ ಬರುತ್ತಿದ್ದರು. ಮೊದಲ ಸೋಮವಾರ ಮಾದೇವಣ್ಣನ ತೂಕ ಐವತ್ತಾರು ಕಿಲೋ.

“ಟ್ಯಾಂಕ್ ಫುಲ್ ಮಾಡ್ಕೊಂಡೇ ಬಂದಿವ್ನಿ ಮೇಡಂ, ಸರಿಯಾಗ್ ನೋಡಿ,” ಎಂದು ಎಲ್ಲರನ್ನೂ ನಗಿಸಿದರು.

ನಾಲ್ಕನೇ ಸೋಮವಾರ ಸಾಲಿನಲ್ಲಿ ಅರ್ಧದಷ್ಟು ಜನ ಫೇಲಾದರು. ಮಾದೇವಣ್ಣ ಮಾತ್ರ ಐವತ್ತೈದೂವರೆ. ಹಿಂದೆ ನಿಂತಿದ್ದವರೊಬ್ಬರು ಕೇಳಿದರು, “ಏನ್ ತಿಂತೀಯೋ ಮಾರಾಯ? ನಮ್ಗೂ ವಸಿ ಹೇಳು.”

“ಎಂಡ್ರು ಬೈಗುಳ ಕಣೋ. ಅದೊಂದೇ ಸಲೀಸಾಗಿ ಒಳಕ್ಕೋಗೋದು.” ದನಿ ಆಗಲೇ ಒಡೆದಿತ್ತು.

ಅಂದು ಗೌರಮ್ಮ ಒಬ್ಬರೇ ನನ್ನ ಕೋಣೆಗೆ ಬಂದರು. “ಅರ್ಧ ಲೋಟ ಗಂಜಿ ಕುಡಿಯಕ್ಕೂ ಕಣ್ಣೀರಾಕ್ತಾರೆ ಮೇಡಂ. ಬೆಲ್ಟಿಗೆ ಎರಡು ತೂತು ಹೊಸದಾಗಿ ಹೊಡ್ಕೊಂಡವ್ರೆ.”

ನಾನು ಚಾರ್ಟ್ ತೋರಿಸಿದೆ. “ತೂಕ ಇಳಿದಿಲ್ವಲ್ಲಮ್ಮ. ಪ್ರೀತಿ ಇದ್ದೋರ ಕಣ್ಣಿಗೆ ಹಾಗೆ ಕಾಣುತ್ತೆ, ಅಷ್ಟೇ.”

ಆಗ ಅವರು ಚಾರ್ಟನ್ನು ನೋಡದೆ ನನ್ನನ್ನೇ ನೋಡಿದ ಹಾಗೆ ನೆನಪು. ಡೈರಿಯಲ್ಲಿ ಅದಿಲ್ಲ. ಆಮೇಲೆ ನಡೆದದ್ದರಿಂದ ನಾನೇ ಸೇರಿಸಿಕೊಂಡದ್ದೂ ಇರಬಹುದು. ಡೈರಿಯಲ್ಲಿರುವುದು ಇಷ್ಟು: ‘ಮಾದೇವಣ್ಣ 55.5. ಉಳಿದವರಿಗೆ ಮಾದರಿ. ಹೆಂಡತಿಗೆ ಆತಂಕ ಜಾಸ್ತಿ.’

ಐದನೇ ಸೋಮವಾರ, ಯಂತ್ರ ತಲುಪಲು ಇನ್ನೂ ಇಬ್ಬರಿರುವಾಗ, ಮಾದೇವಣ್ಣ ಸಾಲಿನಲ್ಲೇ ಕುಸಿದರು. ಸ್ಟ್ರೆಚರ್ ಮೇಲೆ ಮಲಗಿಸಿ ನರ್ಸ್ ಅಂಗಿ ಸಡಿಲಿಸಿದಾಗ ಸೊಂಟದ ಸುತ್ತ ಕಟ್ಟಿದ ದಪ್ಪ ಬಟ್ಟೆಯ ಚೀಲ ಕಂಡಿತು. ಒಳಗೆ ಸ್ಕೂಟರಿನ ಬೇರಿಂಗುಗಳು, ನಟ್ಟು ಬೋಲ್ಟುಗಳು, ಸದ್ದು ಬಾರದಂತೆ ತುರುಕಿದ, ಗ್ರೀಸ್ ಒರೆಸುವ ಹತ್ತಿಯ ವೇಸ್ಟು. ಚೀಲವನ್ನು ಅದೇ ಯಂತ್ರದ ಮೇಲಿಟ್ಟೆ. ನಾಲ್ಕು ಕಿಲೋ ಮುನ್ನೂರು ಗ್ರಾಂ.

ಡ್ರಿಪ್ ಇಳಿಯತೊಡಗಿದ ಮೇಲೆ ಕಣ್ಣು ಬಿಟ್ಟವರು ಚೀಲವನ್ನೂ ನನ್ನನ್ನೂ ನೋಡಿದರು.

“ಫೇಲ್ ಆಗ್ಬುಟ್ನಾ ಮೇಡಂ?”

ಚೀಲ ಕಂಡಾಗ ಪೈಪಿನ ಭಯಕ್ಕೇ ಕಟ್ಟಿಕೊಂಡಿದ್ದಾರೆ ಎಂದುಕೊಂಡಿದ್ದೆ; ಸಾಲಿನೆದುರು ಫೇಲಾಗುವ ಭಯವೂ ಇತ್ತೆಂದು ಆಗ ತಿಳಿಯಿತು.

ಮರುದಿನ ತೂಗಿದಾಗ ಐವತ್ತೊಂದು ಕಿಲೋ. ಪೈಪು ಹಾಕಿದೆವು. ರೇಡಿಯೇಷನ್ ಹನ್ನೆರಡು ದಿನ ನಿಂತಿತು. ಪೈಪಿನಿಂದ ಆಹಾರ ಹೋಗತೊಡಗಿ ನಾಲ್ಕೇ ದಿನಕ್ಕೆ ಎದ್ದು ಓಡಾಡಿದರು. “ಇಷ್ಟೇಯಾ? ಇದಕ್ಕಾ ನಾನು ಎದ್ರುಕೊಂಡಿದ್ದು?” ಎಂದು ತಮ್ಮನ್ನೇ ಬೈದುಕೊಂಡರು. ಉಳಿದ ಚಿಕಿತ್ಸೆ ಮುಗಿಸಿದರು.

ಏಳು ತಿಂಗಳಲ್ಲಿ ರೋಗ ಅದೇ ಜಾಗದಲ್ಲಿ ಮರಳಿತು. ಮುಂದಿನ ದಸರೆಗೆ ಮೊದಲೇ ಮಾದೇವಣ್ಣ ತೀರಿಕೊಂಡರು. ಆ ಹನ್ನೆರಡು ದಿನಗಳೇ ಕಾರಣವೇ ಎಂದು ನಮ್ಮ ಡಾಕ್ಟರನ್ನು ಕೇಳಿದೆ. “ಹೌದು ಅಂತ ಹೇಳಕ್ಕಾಗಲ್ಲ. ಅಲ್ಲ ಅಂತಲೂ ಹೇಳಕ್ಕಾಗಲ್ಲ,” ಎಂದರು.

ತಿಥಿ ಮುಗಿದ ಮೇಲೆ ಗೌರಮ್ಮ ಒಡೆಯದೆ ಉಳಿದಿದ್ದ ಎರಡು ಪ್ರೋಟೀನ್ ಪುಡಿ ಡಬ್ಬಿಗಳನ್ನು ತಂದರು, ಬೇರೆ ಯಾರಿಗಾದರೂ ಆಗಲಿ ಎಂದು. ಚೀಲದ ವಿಷಯ ಮೊದಲೇ ಗೊತ್ತಿತ್ತೇ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

“ಗೊತ್ತಿರ್ನಿಲ್ಲ ಮೇಡಂ. ಸೋಮವಾರ ಬೆಳಿಗ್ಗೆ ಅಂಗ್ಡಿಗೋಗಿ ಬರ್ತೀನಿ ಅಂತಿದ್ರು. ನೀವು ಪಾಸ್ ಅಂದ ದಿನ ಮನೇಲಿ ಖುಷಿಯಾಗಿರೋರು.” ಡಬ್ಬಿಗಳನ್ನು ನನ್ನ ಕಡೆ ಸರಿಸಿ ಹೇಳಿದರು, “ಆದ್ರೆ ಉಣ್ತಾ ಇಲ್ಲ ಅಂತ ನಾನು ಹೇಳಿದ್ನಲ್ಲ?”

ದನಿಯಲ್ಲಿ ಸಿಟ್ಟಿರಲಿಲ್ಲ. ಇಲ್ಲದ ಆ ಸಿಟ್ಟನ್ನು ಇತ್ತೆಂದೇ ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಚೀಲ ಯಾವ ವಾರದಿಂದ ಬಂತೋ ಗೊತ್ತಿಲ್ಲ. ಹಾಗಾಗಿ ಡೈರಿಯಲ್ಲಿರುವ ಆ ತೂಕಗಳನ್ನು ತಿದ್ದಲೂ ಬರುವುದಿಲ್ಲ. ಯಂತ್ರವನ್ನು ಕೋಣೆಯ ಒಳಗೆ ತಂದೆ, ಕೂಗುವುದನ್ನು ಬಿಟ್ಟೆ. ನಿವೃತ್ತಿಯವರೆಗೂ, ರೋಗಿ ಯಂತ್ರದ ಮೇಲೆ ನಿಲ್ಲುವ ಮೊದಲು, ಜೊತೆಗೆ ಬಂದವರ ಕಡೆ ತಿರುಗಿ ಕೇಳುತ್ತಿದ್ದೆ: “ಬೆಲ್ಟು ಎಷ್ಟನೇ ತೂತಿಗೆ ಬಂದಿದೆ ಅಮ್ಮ?”